ಮುಟ್ಟದೆ ಆಡುವ ಆಟ

ಸತ್ಯಭಾಮಮ್ಮನವರ ಮಡಿ ಅಂದರೆ ಜಯನಗರದ ಮೂರನೇ ಬ್ಲಾಕಿನಲ್ಲಿ ಗೊತ್ತಿಲ್ಲದವರು ಯಾರು? ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಒಂದು ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆಚೆ ಬೀದಿಯವರು ಸೀನಬೇಕು, ಅಷ್ಟು ಬಯಲು. ಅಂಥ ಬಯಲಿನಲ್ಲೂ ಬೆಳಗಾಗುತ್ತಲೇ ಅವರ ದನಿ ಕೇಳುತ್ತಿತ್ತು: "ಮುಟ್ಟಬೇಡ! ಆ ಕಡೆ ನಿಲ್ಲು! ಗೋಡೆಗೆ ಒತ್ಕೊಂಡು ಹೋಗು!" ಮಗ ಚಕ್ರಪಾಣಿ ಇಲ್ಲಿ ಮನೆ ಕಟ್ಟಿಸಿ ಬಸವನಗುಡಿಯ ವಠಾರದಿಂದ ಅವರನ್ನು ಕರೆತಂದಾಗ ಅವರು ಮೊದಲು ನೋಡಿದ್ದು ದೇವರ ಮನೆಯನ್ನಲ್ಲ, ಹಿಂದಿನ ಪಡಸಾಲೆಯಲ್ಲಿ ಗಳು ಕಟ್ಟುವುದಕ್ಕೆ ಎತ್ತರ ಸಾಕೇ ಎಂಬುದನ್ನು. ಆ ಬಿದಿರು ಗಳುವಿನ ಮೇಲೆ ಅವರ ಮಡಿ ಸೀರೆ ಒಣಗಬೇಕು. ರಾತ್ರಿ ಹಿಂಡಿ ಹರವಿದ ಸೀರೆಯನ್ನು ಬೆಳಿಗ್ಗೆ ಸ್ನಾನ ಮಾಡಿ, ಒದ್ದೆಯಲ್ಲೇ ಬಂದು, ಮಡಿಕೋಲಿನಿಂದ ಎತ್ತಿ ಇಳಿಸಿಕೊಳ್ಳಬೇಕು. ಆಮೇಲೆ ಅಡಿಗೆ, ಪೂಜೆ, ನೈವೇದ್ಯ ಎಲ್ಲ ಮುಗಿದು ಊಟವಾಗುವ ತನಕ ಮೈಲಿಗೆ ಬಟ್ಟೆ ತೊಟ್ಟ ಒಂದು ನರಪಿಳ್ಳೆಯೂ ಅವರ ಹತ್ತಿರ ಸುಳಿಯುವ ಹಾಗಿಲ್ಲ.

ಮೊಮ್ಮಕ್ಕಳಿಗೆ ಮಾತ್ರ ಒಂದು ರಿಯಾಯಿತಿ ಇತ್ತು. ಮೈಲಿಗೆ ಇರುವುದು ಬಟ್ಟೆಯಲ್ಲಿ, ಮಗುವಿನಲ್ಲಲ್ಲ. ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಬಂದರೆ ಅಜ್ಜಿಯ ತೊಡೆಯ ಮೇಲೆ ಜಾಗ ಉಂಟು. ಇನ್ನೂ ಮಾತು ಪೂರಾ ಬಾರದ ನಾಣಿಗೆ ಇದು ದೊಡ್ಡ ಅನುಕೂಲ; ಅಜ್ಜಿ ಬೇಕೆನಿಸಿದ ಕೂಡಲೇ ಅಂಗಿ ಚಡ್ಡಿ ಕಿತ್ತೆಸೆದು ಓಡಿಬರುತ್ತಿದ್ದ. ಏಳು ವರ್ಷದ ಕಿಟ್ಟಿಗೆ ಈಚೆಗೆ ನಾಚಿಕೆ ಹತ್ತಿತ್ತು; ಅವನು ಅಜ್ಜಿಯ ತೊಡೆಗೆ ರಾಜೀನಾಮೆ ಕೊಟ್ಟಾಗಿತ್ತು. ಹನ್ನೊಂದರ ವಾರಿಜಾಳ ಮಾತಂತೂ ಬಿಡಿ. ಮಧ್ಯಾಹ್ನ ಅಜ್ಜಿ ಮಡಿ ಬಿಡುವ ಹೊತ್ತಿಗೆ ಅವಳು ಸ್ಕೂಲಿನಲ್ಲಿರುತ್ತಿದ್ದಳು, ಸಂಜೆ ಅವಳು ಬರುವ ಹೊತ್ತಿಗೆ ಅಜ್ಜಿಗೆ ಮತ್ತೆ ದೀಪದ ಮಡಿ. ಅಜ್ಜಿಯ ಕೈ ಅವಳ ಮೈಮೇಲೆ ಬಿದ್ದು ಎಷ್ಟು ಕಾಲವಾಗಿತ್ತೋ, ಇಬ್ಬರಿಗೂ ನೆನಪಿಲ್ಲ. ಅದನ್ನು ನೆನಪಿಟ್ಟುಕೊಳ್ಳಬೇಕು ಎಂದು ಸತ್ಯಭಾಮಮ್ಮನಿಗೆ ತೋಚಿಯೂ ಇರಲಿಲ್ಲ.

ಧನುರ್ಮಾಸದ ಒಂದು ಬೆಳಗಿನ ಜಾವ ಸೊಸೆ ಸರಸ್ವತಿಗೆ ನೋವು ಕಾಣಿಸಿಕೊಂಡಿತು. ದಿನ ಇನ್ನೂ ತುಂಬಿರಲಿಲ್ಲ. ನಾಣಿಯ ಹೆರಿಗೆಯಲ್ಲೇ ಅವಳು ಸತ್ತು ಬದುಕಿದವಳು. ಇನ್ನೊಂದು ಬೇಡಮ್ಮಾ ಎಂದು ಲೇಡಿ ಡಾಕ್ಟರು ಆಗಲೇ ಹೇಳಿದ್ದರು. ಚಕ್ರಪಾಣಿ ಸೌತ್ ಎಂಡಿನ ತನಕ ಓಡಿ ಜಟಕಾ ಹಿಡಿದು ತಂದ. ಸರಸ್ವತಿ ಗೇಟು ಹಿಡಿದುಕೊಂಡು ಬಗ್ಗಿ ನಿಂತು, ಹಲ್ಲು ಕಚ್ಚಿ, ಅಂಥ ನೋವಿನಲ್ಲೂ ಮಕ್ಕಳ ವಿಚಾರ ಒಪ್ಪಿಸಿದಳು.

"ಅತ್ತೆ, ನಾಣಿ ಕೈಗೆ ಸಿಕ್ಕಿದ್ದೆಲ್ಲ ಎಲ್ಲೆಲ್ಲೋ ತುರುಕ್ಕೋತಾನೆ, ನೋಡ್ಕೊಳ್ಳಿ. ಕಿಟ್ಟಿ ಬಾವಿ ಕಟ್ಟೆ ಹತ್ತದೆ ಇರ್ಲಿ. ವಾರಿಜಾ..." ಎಂದವಳು ಮಗಳ ಮುಖ ನೋಡಿ, "ವಾರಿಜಾ ದೊಡ್ಡವಳು. ಅವಳಿಗೇನೂ ಹೇಳ್ಬೇಕಾಗಿಲ್ಲ" ಎಂದಳು.

"ನಾನಿದ್ದೀನಲ್ಲ, ನೀನು ಹೋಗಿ ಬಾ ತಾಯಿ" ಎಂದರು ಸತ್ಯಭಾಮಮ್ಮ. ದನಿ ಗಟ್ಟಿಯಾಗಿಯೇ ಬಂತು. ಜಟಕಾದ ಕಂದೀಲು ಮಂಜಿನಲ್ಲಿ ಕಾಣದಾಗುವವರೆಗೂ ನಿಂತಿದ್ದು, ಸೀದಾ ಬಚ್ಚಲಿಗೆ ನಡೆದರು.

ಸ್ನಾನ ಮುಗಿಸಿ ಒದ್ದೆಯಲ್ಲಿ ಪಡಸಾಲೆಗೆ ಬಂದಾಗ ವಾರಿಜಾ ಗೋಡೆಗೆ ಆತು ನಿಂತಿದ್ದಳು. "ಸರಿ ಆ ಕಡೆ" ಎಂದರು ಅಭ್ಯಾಸಬಲದಿಂದ. ಮಡಿಕೋಲಿನಿಂದ ಸೀರೆ ಇಳಿಸಿ ಉಟ್ಟುಕೊಂಡರು. ಸೆರಗಿನ ಒಂದು ಮೂಲೆ ಇನ್ನೂ ತೇವವಾಗಿತ್ತು. ಹಾಳು ಮಂಜು, ಒಣಗುವುದಕ್ಕೇ ಬಿಡುವುದಿಲ್ಲ ಎಂದು ಗೊಣಗಿಕೊಂಡು, ದೇವರ ಮುಂದೆ ಹೊಸ ಬತ್ತಿ ಹಾಕಿ ದೀಪ ಹಚ್ಚಿ, ಹುಗ್ಗಿ ನೈವೇದ್ಯ ಮಾಡಿ, ಮೂವರು ಮಕ್ಕಳನ್ನೂ ಅಡಿಗೆಮನೆಯ ಹೊಸ್ತಿಲ ಆಚೆ ಕೂರಿಸಿದರು.

"ನೋಡಿ, ಕೇಳಿಸ್ಕೊಳ್ಳಿ. ಆಸ್ಪತ್ರೆಯಿಂದ ಒಳ್ಳೆ ಸುದ್ದಿ ಬರೋ ತನಕ ನಾನು ಮಡಿ ಬಿಡಲ್ಲ, ಅನ್ನ ಮುಟ್ಟಲ್ಲ. ದೇವರಿಗೆ ಹೇಳ್ಕೊಂಡಿದೀನಿ. ನನ್ನ ಮಡಿ ಕೆಡದೆ ಇದ್ರೆ ನಿಮ್ಮಮ್ಮನಿಗೆ ಏನೂ ಆಗಲ್ಲ. ತಿಳೀತಾ? ಅದಕ್ಕೇ ಇವತ್ತು ಯಾರೂ ನನ್ನ ಹತ್ರ ಸುಳೀಬೇಡಿ."

ಮಕ್ಕಳಿಗೆ ಧೈರ್ಯ ಬರಲಿ ಎಂದೇ ಹೇಳಿದ ಮಾತು. ಕಿಟ್ಟಿಗೆ ಬಂತು ಕೂಡ. ಅಮ್ಮನ ವಿಚಾರ ಅಜ್ಜಿ ಮತ್ತು ದೇವರು ನೋಡಿಕೊಳ್ಳುತ್ತಾರೆ ಎಂದಾದ ಮೇಲೆ ತನಗಿನ್ನೇನು ಕೆಲಸ ಎಂದು ಎರಡನೇ ಸಲ ಹುಗ್ಗಿ ಹಾಕಿಸಿಕೊಂಡ. ವಾರಿಜಾಳ ಎಲೆಯಲ್ಲಿ ಹುಗ್ಗಿ ಹಾಗೇ ಆರಿ ಕಲ್ಲಾಯಿತು.

ಹಾಲಿನ ಬೈರಮ್ಮ ಯಡಿಯೂರಿನಿಂದ ಹಸು ಹೊಡೆದುಕೊಂಡು ಬಂದು ಬಾಗಿಲಲ್ಲೇ ಕರೆದು ಕೊಡುವವಳು. ಚೊಂಬು ಹಿಡಿದು ಹೋದ ವಾರಿಜಾ ಬೇಗ ಬರಲಿಲ್ಲ. ಸತ್ಯಭಾಮಮ್ಮ ಕಿಟಕಿಯಿಂದ ಬಗ್ಗಿ ನೋಡಿದರು. ಬೈರಮ್ಮ ಹಾಲು ಕರೆದ ಕೈಯನ್ನು ಸೀರೆಗೆ ಒರೆಸಿಕೊಂಡು ಹುಡುಗಿಯ ತಲೆ ಸವರುತ್ತಿದ್ದಳು.

"ಯಾಕವ್ವ, ಮೊಕ ಹಿಂಗೆ ಸಪ್ಪಗ್ ಮಾಡ್ಕಂಡಿದ್ದೀಯ? ನಿಮ್ಮವ್ವ ಬತ್ತಾಳೆ ಬುಡು. ಮೊಗ ಎತ್ಕಂಡೇ ಬತ್ತಾಳೆ."

ವಾರಿಜಾ ಆ ಕೈ ಕೆಳಗೆ ತಲೆ ತಗ್ಗಿಸಿ ನಿಂತೇ ಇದ್ದಳು. ಸತ್ಯಭಾಮಮ್ಮನಿಗೆ ನಮ್ಮ ಮಗುವನ್ನು ಸವರುವುದಕ್ಕೆ ಹಾಲಿನವಳು ಬರಬೇಕಾಯಿತೇ ಎಂದು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ, "ಹಾಲು ತರ್ತೀಯೋ ಇಲ್ವೋ? ಒಲೆ ಉರೀತಾ ಇದೆ!" ಎಂದು ಕೂಗಿದರು.

ಆಮೇಲೆ ಶುರುವಾಯಿತು ನಿಜವಾದ ಪಜೀತಿ. ಕ್ರಿಸ್ಮಸ್ ರಜ, ಸ್ಕೂಲಿಲ್ಲ. ಇಡೀ ದಿನ ಮೂರು ಮಕ್ಕಳನ್ನು ಹಿಡಿದು ಕೂರಿಸಬೇಕು, ಅದೂ ಮುಟ್ಟದೆ. ಸತ್ಯಭಾಮಮ್ಮ ಹೊಸ್ತಿಲ ಉದ್ದಕ್ಕೂ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದು, ಒಳಗೆ ಮಣೆ ಹಾಕಿಕೊಂಡು ಕೂತು, ಹೂಬತ್ತಿ ಹೊಸೆಯುತ್ತಾ ಕಥೆ ತೆಗೆದರು. ಕಾಡು ಬಂತು, ಕತ್ತಲೆ ಬಂತು, ಗುಹೆಯಿಂದ ರಾಕ್ಷಸ ಹೊರಗೆ ಬಂದ. ಕಿಟ್ಟಿ ಬಾಯಿ ತೆರೆದು ಕೂತ. ನಾಣಿ ಬಾಯಿ ತೆರೆದು ಅತ್ತ. ಪಾಪ ಎಂದು ಅಜ್ಜಿ ರಾಕ್ಷಸನನ್ನು ಒಳ್ಳೆಯವನನ್ನಾಗಿ ಮಾಡಿ ಕೈಗೊಂದು ಬಾಳೆಹಣ್ಣು ಕೊಟ್ಟರು. ನಾಣಿ ನಕ್ಕ. ಕಿಟ್ಟಿಗೆ ರೇಗಿತು.

"ಬಾಳೆಹಣ್ಣು ತಿನ್ನೋನು ಎಂಥಾ ರಾಕ್ಷಸ ಅಜ್ಜಿ? ಥೂ, ನಾನು ಕೇಳಲ್ಲ."

"ಇನ್ನೇನು ನಿನ್ನನ್ನೇ ತಿನ್ನಿಸ್ಲೇನೋ? ಸುಮ್ನೆ ಕೂತ್ಕೋ!"

ನಾಣಿಗೆ ಹಿತ್ತಾಳೆ ಪಾತ್ರೆಯೂ ಸೌಟೂ ಕೊಟ್ಟರು. ಅವನು ಬಡಿದ ಬಡಿತಕ್ಕೆ ಎಲ್ಲರ ತಲೆ ಚಿಟ್ಟು ಹಿಡಿಯಿತು. ಕಿಟ್ಟಿಗೆ ಖಾಲಿ ದಾರದ ಉಂಡೆಗಳನ್ನು ಪೋಣಿಸಿ ರೈಲು ಮಾಡು ಎಂದರು. ರೈಲು ಗೆರೆ ದಾಟಿ ಅಡಿಗೆಮನೆಯೊಳಗೇ ಬರಬೇಕೆಂದು ಅವನ ಹಟ. ವಾರಿಜಾಳಿಗೆ ಅಂತಲೇ ಒಗಟು ಹಾಕಿದರು. ಒಗಟು ಅಂದರೆ ಪ್ರಾಣ ಬಿಡುವ ಹುಡುಗಿ. ಮಾತು ಮುಗಿಯುವ ಮುಂಚೆ ಉತ್ತರ ಹೇಳಿ ಅಜ್ಜಿಗೇ ತಿರುಗಿ ಒಂದು ಹಾಕುವವಳು. ಇವತ್ತು ಕಂಬಕ್ಕೆ ಒರಗಿ, ಲಂಗದ ಅಂಚನ್ನು ಗಂಟು ಹಾಕುತ್ತಾ ಬಿಚ್ಚುತ್ತಾ ಕೂತಿದ್ದಳು. ಮೂರು ವಯಸ್ಸಿನ ಮಕ್ಕಳನ್ನು ಒಂದೇ ಆಟಕ್ಕೆ ಕೂಡಿಸುವುದೆಂದರೆ ಮೂರು ದಿಕ್ಕಿಗೆ ಎಳೆಯುವ ಕರುಗಳನ್ನು ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಅದರಲ್ಲಿ ಒಂದು ಕರು ಎಳೆಯುತ್ತಲೂ ಇರಲಿಲ್ಲ, ಮೇಯುತ್ತಲೂ ಇರಲಿಲ್ಲ.

"ಏನೇ ಆಯ್ತು ನಿನಗೆ? ಅಮ್ಮನ ಯೋಚನೆಯಾ?"

"ಏನಿಲ್ಲ ಅಜ್ಜಿ."

"ನಾನು ಹೇಳ್ಲಿಲ್ವಾ? ನನ್ನ ಮಡಿ ಗಟ್ಟಿಯಾಗಿರೋ ತನಕ..."

"ಗೊತ್ತು ಅಜ್ಜಿ" ಎಂದು ಹುಡುಗಿ ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಚೌಕಾಬಾರ ಬಂತು. ಗೆರೆಯ ಆಚೆ ಕೆಂಪು ಗಾರೆ ನೆಲದ ಮೇಲೆ ಕಿಟ್ಟಿ ಬಳಪದಲ್ಲಿ ಮನೆ ಬರೆದ. ಅಜ್ಜಿ ಒಳಗೆ ಕೂತು ತಮ್ಮ ಕವಡೆ ಹಾಕಿ ಬಿದ್ದದ್ದನ್ನು ಕೂಗಬೇಕು, ಅಜ್ಜಿಯ ಕಾಯಿಯನ್ನು ಕಿಟ್ಟಿ ನಡೆಸಬೇಕು. ಅಜ್ಜಿಯದು ಕಾಫಿ ಬೀಜ, ವಾರಿಜಾಳದು ಬಳೆ ಚೂರು, ಕಿಟ್ಟಿಯದು ಹುಣಿಸೆ ಬೀಜ. ನಾಣಿಗೆ ಕೂಗುವ ಕೆಲಸ, ಏನು ಬಿದ್ದರೂ ಅವನು "ಬಾರಾ!" ಎಂದು ಕೂಗುತ್ತಿದ್ದ. ಕಿಟ್ಟಿ ಅಜ್ಜಿಯ ಕಾಯಿಯನ್ನು ಮನೆ ತಪ್ಪಿಸಿ ನಡೆಸಿ ತನ್ನ ಕಾಯಿಯ ಬಾಯಿಗೆ ತಂದಿಡುತ್ತಿದ್ದ.

"ಏ ಕಳ್ಳ! ಎಲ್ಲಿಟ್ಟೆ ನನ್ನ ಕಾಯಿ? ಕಣ್ಣು ಕಾಣಲ್ಲ ಅಂದ್ಕೊಂಡಿದ್ದೀಯ?"

"ಅಲ್ಲೇ ಇದೆ ಅಜ್ಜಿ, ದೇವರಾಣೆ."

"ಧನುರ್ಮಾಸದಲ್ಲಿ ದೇವರಾಣೆ ಬೇರೆ ಇಡ್ತಾನೆ ಮುಂಡೇದು!"

ಈ ಜಗಳದ ನಡುವೆ ನಾಣಿ ಸುಮ್ಮನಾದದ್ದನ್ನು ಯಾರೂ ಗಮನಿಸಲಿಲ್ಲ. ಮಕ್ಕಳು ಗಲಾಟೆ ಮಾಡಿದರೆ ಹೆದರಬೇಕಾಗಿಲ್ಲ, ಸುಮ್ಮನಾದರೆ ಹೆದರಬೇಕು; ಮೂವರನ್ನು ಹೆತ್ತ ಸತ್ಯಭಾಮಮ್ಮನಿಗೆ ಇದು ಗೊತ್ತಿಲ್ಲದ್ದೇನಲ್ಲ. ತಿರುಗಿ ನೋಡುವಷ್ಟರಲ್ಲಿ ನಾಣಿ ಮೂಗು ಹಿಡಿದುಕೊಂಡು ಕಿಟಾರನೆ ಕಿರುಚಿದ. ಕಿಟ್ಟಿಯ ಒಂದು ಹುಣಿಸೆ ಬೀಜ ಕಾಣೆಯಾಗಿತ್ತು.

"ಮೂಗಿಗೆ ಹಾಕ್ಕೊಂಡ ಅಜ್ಜಿ! ಮೂಗಿಗೆ!"

ಸತ್ಯಭಾಮಮ್ಮನಿಗೆ ಮಡಿ, ಗೆರೆ, ಹರಕೆ ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಧಡಕ್ಕನೆ ಎದ್ದು ಒಂದು ಕಾಲು ಗೆರೆಯ ಆಚೆ ಇಟ್ಟೇಬಿಟ್ಟರು. ಅಷ್ಟರಲ್ಲಿ ಬೆಳಿಗ್ಗೆಯಿಂದ ಕಂಬ ಬಿಟ್ಟು ಅಲುಗದಿದ್ದ ವಾರಿಜಾ ಹಾರಿ ಬಂದು ನಡುವೆ ಅಡ್ಡ ನಿಂತಳು.

"ಮುಟ್ಟಬೇಡ ಅಜ್ಜಿ! ಅವನ ಮೈಮೇಲೆ ಬಟ್ಟೆ ಇದೆ!"

ಹೇಳುತ್ತಲೇ ನಾಣಿಯ ಅಂಗಿಯ ಗುಂಡಿ ಕಿತ್ತು, ಚಡ್ಡಿ ಎಳೆದು, ಬರಿಮೈ ಕೂಸನ್ನು ಅಜ್ಜಿಯ ಕಡೆ ನೂಕಿದಳು. ಸತ್ಯಭಾಮಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಯಿ ಮುಚ್ಚಿಸಿ, ಹೊಸೆದಿಟ್ಟ ಹೂಬತ್ತಿಯ ತುದಿಯನ್ನು ಇನ್ನೊಂದು ಹೊಳ್ಳೆಗೆ ಮೆಲ್ಲಗೆ ಆಡಿಸಿದರು. ನಾಣಿಯ ಮುಖ ಕೆಂಪಾಯಿತು, ಮೂಗು ಅರಳಿತು, ಒಂದು ಸೀನು ಬಂತು ನೋಡಿ! ಹುಣಿಸೆ ಬೀಜ ಸೀದಾ ಚೌಕಾಬಾರದ ನಡುಮನೆಯಲ್ಲಿ ಹೋಗಿ ಬಿತ್ತು.

"ಹಣ್ಣಾಯ್ತು! ನನ್ನ ಕಾಯಿ ಹಣ್ಣಾಯ್ತು!" ಎಂದು ಕಿಟ್ಟಿ ಕುಣಿದ.

ಸತ್ಯಭಾಮಮ್ಮನಿಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಕೂಸಿನ ಮೂಗು ಒರೆಸುತ್ತಾ ವಾರಿಜಾಳ ಕಡೆ ನೋಡಿದರು. "ಅಲ್ವೇ, ಮಗುಗೆ ಉಸಿರು ಕಟ್ತಿರುವಾಗ ಬಟ್ಟೆ ಬಿಚ್ಚೋಕೆ ನಿಂತ್ಯಲ್ಲ. ಏನಾದ್ರೂ ಆಗಿದ್ರೆ?"

"ನಿನ್ನ ಮಡಿ ಕೆಡಬಾರ್ದು ಅಜ್ಜಿ. ಇನ್ನೊಂದ್ಸಲ ಕೆಡಬಾರ್ದು."

"ಇನ್ನೊಂದ್ಸಲವಾ? ಇನ್ನೊಂದ್ಸಲ ಅಂದ್ರೇನೇ?"

ವಾರಿಜಾ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿಹೋದಳು.

ಹಿಂದೆಯೇ ಬಾವಿಯ ಕಡೆಯಿಂದ ರಾಟೆಯ ಕಿರುಗುಟ್ಟು ಕೇಳಿತು, ಆಮೇಲೆ ನೀರು ಸುರಿದ ಸದ್ದು. ಸತ್ಯಭಾಮಮ್ಮ "ವಾರಿಜಾ! ಏ ವಾರಿಜಾ!" ಎಂದು ಕೂಗಿ ನಾಣಿಯನ್ನು ಕೆಳಗಿಳಿಸುವಷ್ಟರಲ್ಲಿ ಹುಡುಗಿ ಹಿಂಬಾಗಿಲಲ್ಲಿ ಬಂದು ನಿಂತಳು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆ. ಜಡೆಯಿಂದ ನೀರು ಇಳಿಯುತ್ತಿತ್ತು, ಲಂಗ ಕಾಲಿಗೆ ಅಂಟಿಕೊಂಡಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಆ ಡಿಸೆಂಬರಿನ ಚಳಿಯಲ್ಲಿ ಬಾವಿಯ ತಣ್ಣೀರನ್ನು ಬಿಂದಿಗೆಗಟ್ಟಲೆ, ತೊಟ್ಟ ಬಟ್ಟೆಯ ಮೇಲೇ ಸುರಿದುಕೊಂಡಿದ್ದಳು.

"ಅಜ್ಜಿ, ಈಗ ನಾನು ಒದ್ದೆ. ಒದ್ದೆ ಬಟ್ಟೆ ಮಡಿ ಅಲ್ವಾ? ಈಗ ಹತ್ರ ಬರಬಹುದಾ? ನಿನ್ನ ಕಿವೀಲಿ ಒಂದು ಮಾತು ಹೇಳ್ಬೇಕು."

ಸತ್ಯಭಾಮಮ್ಮ ಕೈ ಮುಂದೆ ಮಾಡಿದರು. ವಾರಿಜಾ ಗೆರೆ ದಾಟಿ, ಹೆಜ್ಜೆಗೊಂದು ನೀರಿನ ಗುರುತು ಬಿಡುತ್ತಾ ಬಂದು, ಅಜ್ಜಿಯ ಭುಜಕ್ಕೆ ತಗುಲಿಯೂ ತಗುಲದ ಹಾಗೆ ಬಗ್ಗಿ ಪಿಸುಗುಟ್ಟಿದಳು.

"ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ನನಗೆ ತುಂಬಾ ಅಳು ಬಂತು ಅಜ್ಜಿ. ಅಮ್ಮ ಇರ್ಲಿಲ್ಲ. ನಿನ್ನ ಮುಟ್ಟೋ ಹಾಗಿಲ್ಲ. ಗಳುವಿನ ಮೇಲೆ ನಿನ್ನ ಸೀರೆ ಇತ್ತು. ಸೆರಗು ಇಷ್ಟು ಕೆಳಗೆ ಬಂದಿತ್ತು. ಅದನ್ನೇ ಹಿಡ್ಕೊಂಡು ಅತ್ತುಬಿಟ್ಟೆ. ಆಮೇಲೆ ನೀನು ಅದನ್ನೇ ಉಟ್ಕೊಂಡೆ. ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಮಡಿ ಕೆಟ್ರೆ ಅಮ್ಮನಿಗೆ... ಅಂದೆ." ಮುಂದೆ ಅವಳಿಗೆ ಹೇಳಲಾಗಲಿಲ್ಲ. "ಅಮ್ಮ ಸತ್ತುಹೋಗ್ತಾಳಾ ಅಜ್ಜಿ? ನನ್ನಿಂದ?"

ಒಂದು ಗಳಿಗೆ ಸತ್ಯಭಾಮಮ್ಮನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಬೇಕು? ದೀಪ ಹಚ್ಚಿದ್ದು, ನೈವೇದ್ಯ ಮಾಡಿದ್ದು, ಹರಕೆ ಹೇಳಿಕೊಂಡಿದ್ದು ಎಲ್ಲವೂ ಮೈಲಿಗೆಯ ಸೀರೆಯಲ್ಲಿ. ಅಲ್ಲಿ ಸೊಸೆ ಸಾವುಬದುಕಿನ ನಡುವೆ ಇದ್ದಾಳೆ. ಕಣ್ಣು ತಾನಾಗಿ ದೇವರ ಮನೆಯ ಕಡೆ ಹೋಯಿತು. ದೀಪ ಬೆಳಿಗ್ಗೆ ಹಚ್ಚಿದ ಹಾಗೇ ಉರಿಯುತ್ತಿತ್ತು. ಕೈ ತಾನಾಗಿ ಸೆರಗಿನ ಮೂಲೆಗೆ ಹೋಯಿತು. ಮಂಜಿಗೆ ಒಣಗಿಲ್ಲ ಎಂದು ಗೊಣಗಿದ ಆ ತೇವ, ಈ ಕೂಸಿನ ಕಣ್ಣೀರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆಯಿಂದ ತಾವು ಮಡಿ ಮಡಿ ಎಂದು ಕುಣಿದದ್ದು. ಈ ಮಗು ಎದುರಿಗೇ ಕಂಬಕ್ಕೆ ಒರಗಿ ಕೂತು, ತಾಯಿಯನ್ನು ತಾನೇ ಕೊಂದೆ ಅಂದುಕೊಂಡು ಬೇಯುತ್ತಿದ್ದದ್ದು.

"ಅಯ್ಯೋ ನನ್ನ ಹುಚ್ಚಿ! ಅಜ್ಜಿ ಸೀರೆ ಹಿಡ್ಕೊಂಡು ಅತ್ರೆ ಯಾವ ದೇವ್ರು ಕಣೇ ಅಮ್ಮನ್ನ ಕಿತ್ಕೊಳ್ಳೋನು? ಅಂಥ ದೇವರು ನಮ್ಮನೇಲಿಲ್ಲ. ಮಕ್ಕಳು ಮುಟ್ಟಿದ್ರೆ ಯಾವ ಮಡೀನೂ ಕೆಡಲ್ಲ."

ವಾರಿಜಾ ಮುಖ ಎತ್ತಿ ಅಜ್ಜಿಯನ್ನೇ ನೋಡಿದಳು. ಅಳು ನಿಂತಿತ್ತು.

"ಹಾಗಿದ್ರೆ ಇಷ್ಟು ದಿನ ಯಾಕಜ್ಜಿ ಮುಟ್ಟಬೇಡ ಅಂತಿದ್ದೆ?"

ಕೊಂಕು ಮಾತಲ್ಲ ಅದು, ಗೊತ್ತಿಲ್ಲದೆ ಕೇಳಿದ್ದು. ಬೀದಿಗೆಲ್ಲ ಶಾಸ್ತ್ರ ಹೇಳುವ ಸತ್ಯಭಾಮಮ್ಮ ಹುಡುಗಿಯನ್ನು ಎರಡೂ ಕೈಯಿಂದ ಎಳೆದು ಎದೆಗೆ ಒತ್ತಿಕೊಂಡರು. ಎಷ್ಟು ಉದ್ದವಾಗಿಬಿಟ್ಟಿದೆ ಇದು, ತಲೆ ಗದ್ದಕ್ಕೆ ಬರುತ್ತದೆ! ಬೆನ್ನಿನ ಮೂಳೆ ಕೈಗೆ ಸಿಕ್ಕುತ್ತದೆ! ಇಷ್ಟು ಬೆಳೆದದ್ದು ಯಾವಾಗ? ತಾವು ಇದೇ ಮನೆಯಲ್ಲಿ ಇದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಆ ಸಂಕಟಕ್ಕೆ ಅವರೂ ಅತ್ತರು, ಮುಚ್ಚುಮರೆಯಿಲ್ಲದೆ, ಮೂಗು ಸೊರಗುಟ್ಟಿಸಿ ಅತ್ತರು.

ಆಮೇಲೆ ಎದ್ದು ಗೆರೆ ದಾಟಿದರು. ನಡುಮನೆಯ ಗೂಟದಲ್ಲಿ ತೂಗುಹಾಕಿದ್ದ ವಾರಿಜಾಳ ಒಣ ಲಂಗ ರವಿಕೆಗಳನ್ನು ತಮ್ಮ ಕೈಯಾರೆ ತೆಗೆದುಕೊಂಡರು. ಹುಡುಗಿಯ ತಲೆಯನ್ನು ತಮ್ಮ ಸೆರಗಿನಲ್ಲೇ ತಿಕ್ಕಿ ಒರೆಸಿದರು. ಕಿಟ್ಟಿ ಪ್ರಪಂಚ ಮುಳುಗಿದವನ ಹಾಗೆ ಕೂಗಿದ.

"ಅಜ್ಜೀ! ಅದು ಮೈಲಿಗೆ ಬಟ್ಟೆ! ಅಜ್ಜಿ ಮೈಲಿಗೆ ಆಗೋದ್ಲು!"

"ಹೌದು ಕಣೋ, ಆಗೋದೆ. ಏನೀಗ? ಬಾ, ನೀನೂ ಮುಟ್ಟು."

ಕಿಟ್ಟಿ ನಂಬಲಿಲ್ಲ. ಅಜ್ಜಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಕಾಲ ತುದಿಯಲ್ಲಿ ಬಂದು ಒಂದು ಬೆರಳಿನಿಂದ ಅಜ್ಜಿಯ ಮೊಣಕೈ ಮುಟ್ಟಿ, ಬೆಂಕಿ ಮುಟ್ಟಿದವನಂತೆ ಹಾರಿ ಓಡಿದ. ಏನೂ ಆಗಲಿಲ್ಲ. ಮತ್ತೆ ಬಂದು ಸೊಂಟಕ್ಕೆ ಮುಟ್ಟಿ ಓಡಿದ. ನಾಣಿ ತಾನೇನು ಕಡಿಮೆ ಎಂದು, ಅಜ್ಜಿ ಆಗಲೇ ಮತ್ತೆ ತೊಡಿಸಿದ್ದ ಅಂಗಿಯ ಸಮೇತ ಬಂದು ಅಜ್ಜಿಯ ಕಾಲನ್ನು ಅಪ್ಪಿಕೊಂಡು "ಬಾರಾ!" ಎಂದ. ಸತ್ಯಭಾಮಮ್ಮ ಸೆರಗು ಬಿಗಿದು, "ಬಂದೆ ತಾಳು, ಹಿಡೀತೀನಿ!" ಎಂದು ಅಟ್ಟಿಸಿಕೊಂಡು ಹೋದರು. ವಾರಿಜಾ ಮೊದಲು ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಬೆನ್ನು ತಿರುಗಿಸಿದ್ದೇ ತಡ, ಅವಳೂ ಬಂದು ಬೆನ್ನಿಗೊಂದು ತಟ್ಟಿ ಓಡಿದಳು. ಬೆಳಿಗ್ಗೆಯಿಂದ ಮೂರು ವಯಸ್ಸಿಗೂ ಒಪ್ಪುವ ಆಟ ಹುಡುಕಿ ಹುಡುಕಿ ಸಾಕಾಗಿದ್ದರಲ್ಲ, ಕೊನೆಗೆ ಸಿಕ್ಕಿದ್ದು ಇದು. ಇದಕ್ಕೆ ಕವಡೆ ಬೇಡ, ಕಾಯಿ ಬೇಡ, ಕಥೆಯೂ ಬೇಡ. ಅಜ್ಜಿಯನ್ನು ಮುಟ್ಟಿ ಓಡಿದರೆ ಆಯಿತು. ಮನೆಯೆಲ್ಲಾ ಸುತ್ತಿ, ಬಾಗಿಲ ಸಂದಿ ಹೊಕ್ಕು, ರಂಗೋಲಿಯ ಗೆರೆ ಯಾವಾಗ ಅಳಿಸಿಹೋಯಿತೋ ಯಾರಿಗೂ ತಿಳಿಯಲಿಲ್ಲ.

ಸುಸ್ತಾಗಿ ಕೂತ ಮೇಲೆ ಸಾರನ್ನ ಕಲಸಿ ಮೂವರಿಗೂ ಕೈತುತ್ತು ಹಾಕಿದರು. ನಾಣಿಗೆ ಗುಬ್ಬಿ ತುತ್ತು, ಕಿಟ್ಟಿಗೆ ರಾಕ್ಷಸನ ತುತ್ತು.

"ನಾನು ದೊಡ್ಡವಳು, ನನಗೆ ತಟ್ಟೇಲಿ ಹಾಕು" ಎಂದಳು ವಾರಿಜಾ.

"ದೊಡ್ಡವಳಂತೆ! ಹಿಡಿ ಕೈ" ಎಂದು ಅವಳ ಅಂಗೈಯಲ್ಲಿ ಎಲ್ಲರದಕ್ಕಿಂತ ದೊಡ್ಡ ತುತ್ತಿಟ್ಟರು. ತಾವು ಮಾತ್ರ ಒಂದು ಅಗುಳೂ ಮುಟ್ಟಲಿಲ್ಲ. ಮಡಿ ಹೋದರೂ ಉಪವಾಸ ಹೋಗಿರಲಿಲ್ಲ. ಅದು ಅವರಿಗೂ ದೇವರಿಗೂ ನಡುವೆ ಆದ ಮಾತು. ಹೋಗಿ ದೀಪಕ್ಕೆ ಎಣ್ಣೆ ಹಾಕಿ, ಕೈಮುಗಿದು, ನಿನಗೆ ಸಿಟ್ಟಿದ್ದರೆ ನನ್ನ ಮೇಲೆ ಇಟ್ಟುಕೋ, ಆ ತಾಯಿಮಕ್ಕಳ ಮೇಲೆ ಬೇಡ ಎಂದು ಬೇಡಿಕೊಂಡು ಬಂದರು.

ದೀಪ ಹಚ್ಚುವ ಹೊತ್ತು ಕಳೆದರೂ ಸುದ್ದಿ ಇಲ್ಲ. ನಗುವೆಲ್ಲ ಮೆಲ್ಲಗೆ ಇಳಿದುಹೋಯಿತು. ಎದುರಿನ ಬಯಲಿನಲ್ಲಿ ಮಂಜು ಕಟ್ಟಿತು. ನಾಣಿ ಅಜ್ಜಿಯ ತೊಡೆಯಲ್ಲಿ, ಕಿಟ್ಟಿ ಪಕ್ಕದಲ್ಲಿ ನಿದ್ದೆಹೋದರು. ವಾರಿಜಾ ಅಜ್ಜಿಯ ತೋಳಿಗೆ ಒರಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಬಾಗಿಲನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಸೆರಗಿನ ಮೂಲೆ ಇತ್ತು. ಸತ್ಯಭಾಮಮ್ಮ ಬಿಡಿಸಿಕೊಳ್ಳಲಿಲ್ಲ.

ಗೇಟು ಕಿರುಗುಟ್ಟಿತು. ಚಕ್ರಪಾಣಿ ಬಾಗಿಲಲ್ಲಿ ನಿಂತು, ಬಟ್ಟೆ ತೊಟ್ಟ ಮೂರು ಮಕ್ಕಳ ನಡುವೆ ಕೂತ ತಾಯಿಯನ್ನು ಕಂಡು ಬೆಚ್ಚಿದ. "ಅಮ್ಮಾ, ನಿನ್ನ ಮಡಿ?"

"ಮಡಿ ಮನೆ ಹಾಳಾಯ್ತು! ಸರಸ್ವತಿ ಹೇಗಿದ್ದಾಳೆ, ಅದನ್ನ ಬೊಗಳೋ ಮೊದಲು!"

"ಚೆನ್ನಾಗಿದ್ದಾಳೆ ಅಮ್ಮ." ಅವನು ಹೊಸ್ತಿಲ ಮೇಲೇ ಕುಸಿದು ಕೂತ. "ಮಗು ಬೆಳಿಗ್ಗೆನೇ ಆಯ್ತು. ಹೆಣ್ಣು. ಸಣ್ಣದು, ಆದ್ರೂ ಗಟ್ಟಿ. ಇವಳಿಗೇ ತುಂಬಾ ರಕ್ತ ಹೋಗಿಬಿಡ್ತು. ರಕ್ತ ಕೊಟ್ರು. ಸಂಜೆ ತನಕ ಡಾಕ್ಟರು ಏನೂ ಹೇಳ್ಲೇ ಇಲ್ಲ. ಈಗ, ಇನ್ನು ಭಯ ಇಲ್ಲ ಅಂದ್ರು."

"ಅಮ್ಮ ಮಾತಾಡಿದ್ಲಾ ಅಪ್ಪ?" ಎಂದಳು ವಾರಿಜಾ.

"ಮಾತಾ? ಕಾಫಿ ಕೇಳಿದ್ಲು ಕಣೇ. ಈಗ ಕೊಡಲ್ಲ ಅಂದಿದ್ದಕ್ಕೆ ನರ್ಸಮ್ಮನ ಹತ್ರ ಜಗಳ ಆಡಿದ್ಲು."

ಸತ್ಯಭಾಮಮ್ಮ ನಕ್ಕುಬಿಟ್ಟರು, ನಗುತ್ತಲೇ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುವುದಕ್ಕೆ ಸೆರಗು ಎಳೆದರೆ ಅದರ ಮೂಲೆ ಇನ್ನೂ ವಾರಿಜಾಳ ಮುಷ್ಟಿಯಲ್ಲೇ ಇತ್ತು. ಇಬ್ಬರೂ ಅದರಲ್ಲೇ ಕಣ್ಣೊರೆಸಿಕೊಂಡರು.

ಮರುದಿನ, ಪುರುಡು ಎಂದು ಪೂಜೆ ನಿಂತರೂ ಧನುರ್ಮಾಸದ ಬೆಳಗಿನ ಸ್ನಾನ ನಿಲ್ಲುವುದುಂಟೇ? ಕತ್ತಲಿರುವಾಗಲೇ ಸತ್ಯಭಾಮಮ್ಮ ಸ್ನಾನ ಮಾಡಿ ಒದ್ದೆಯಲ್ಲಿ ಪಡಸಾಲೆಗೆ ಬಂದರು. ರಾತ್ರಿ ಮತ್ತೆ ಹಿಂಡಿ ಹರವಿದ್ದ ಅದೇ ಸೀರೆ ಗಳುವಿನ ಮೇಲೆ ಒಣಗಿತ್ತು. ವಾರಿಜಾ ಎದ್ದು ಬಂದಿದ್ದಳು. ಅಭ್ಯಾಸದಂತೆ ಗೋಡೆಗೆ ಒತ್ತಿಕೊಂಡು ದೂರ ನಿಂತಿದ್ದಳು.

"ವಾರಿಜಾ, ಆ ಸೀರೆ ಇಳಿಸಿಕೊಡೇ."

ಹುಡುಗಿ ಮೂಲೆಯಲ್ಲಿದ್ದ ಮಡಿಕೋಲಿನ ಕಡೆ ಹೊರಟಳು.

"ಕೋಲು ಯಾಕೆ? ಕೈ ಇಲ್ವಾ ನಿನಗೆ?"

"ಮೈಲಿಗೆ ಆಗುತ್ತಲ್ಲಜ್ಜಿ?"

"ನೀನು ಹಿಡ್ಕೊಂಡು ಅತ್ತ ಸೀರೆ ಉಟ್ಟ ದಿನವೇ ನಿಮ್ಮಮ್ಮ ಉಳಿದದ್ದು. ಅದಕ್ಕಿಂತ ಹೆಚ್ಚಿನ ಮಡಿ ನನಗೆ ಬೇಕಾಗಿಲ್ಲ. ಇಳಿಸು, ಚಳಿ ಆಗ್ತಿದೆ."

ವಾರಿಜಾ ಮಣೆ ಎಳೆದು, ಅದರ ಮೇಲೆ ತುದಿಗಾಲಲ್ಲಿ ನಿಂತು, ಎರಡು ಕೈಯಿಂದಲೂ ಸೀರೆ ಎಳೆದು ಇಳಿಸಿದಳು. ನೆಲಕ್ಕೆ ತಾಗೀತು ಎಂದು ಮುದ್ದೆ ಮಾಡಿ ಎದೆಗವಚಿಕೊಂಡು ತಂದು ಕೊಟ್ಟಳು. ಸತ್ಯಭಾಮಮ್ಮ ಅದನ್ನು ಉಟ್ಟುಕೊಂಡರು. ಅಷ್ಟು ಚಳಿಯಲ್ಲೂ ಸೀರೆ ಬೆಚ್ಚಗಿತ್ತು.